ಅವ್ವನ ಫೋಟೋಗೆ ಅಕ್ಕ ಕೂತಳು

ಮೊನ್ನೆ ಒಬ್ಬರ ಪೋರ್ಟ್ರೇಟ್ ತೆಗೆಯಲು ಮೊಳಕಾಲ್ಮುರು ಕಡೆ ಹೋಗಿದ್ದೆ. ಆಕೆ ತೀರಿಕೊಂಡು ನಲವತ್ತು ವರ್ಷವಾಗಿದೆ.

ಗಾಬರಿಯಾಗಬೇಡಿ. ನನಗಿನ್ನೂ ಅರಳುಮರಳು ಶುರುವಾಗಿಲ್ಲ. (ಎಪ್ಪತ್ತಮೂರು, ಅಷ್ಟೇ.)

ಫೋನ್ ಮಾಡಿ ಕರೆದದ್ದು ಚಳ್ಳಕೆರೆಯ ಸ್ಟುಡಿಯೋ ಓಬಳೇಶ. ಒಂದು ಕಾಲಕ್ಕೆ ನಾವಿಬ್ಬರೂ ಕಾಂಪಿಟೀಟರ್ಸ್. ಒಂದೇ ಮದುವೆಗೆ ಗಂಡಿನ ಕಡೆಯಿಂದ ಅವನು, ಹೆಣ್ಣಿನ ಕಡೆಯಿಂದ ನಾನು ಹೋಗಿ, ಧಾರೆ ಎರೆಯುವಾಗ ಮೊಣಕೈಯಲ್ಲಿ ತಿವಿದಾಡಿದ್ದೂ ಉಂಟು. ಈಗ ನನ್ನ ಕ್ಯಾಮೆರಾ ಬೀರುವಿನಲ್ಲಿದೆ. ಅವನು ಪಾಸ್‌ಪೋರ್ಟ್ ಸೈಜ್ ತೆಗೆಯುತ್ತಾ ಇದ್ದಾನೆ.

"ಮೇಡಮ್ಮೋರೆ, ಒಂದು ಕೇಸ್ ಐತೆ. ನೀವೇ ಬರಬೇಕು. ಆಯಮ್ಮ ಗಂಡಸ್ರ ಕ್ಯಾಮೆರಾಕ್ಕೆ ಮುಖ ಕೊಡಲ್ಲ ಅಂತಾಳೆ."

ಕೇಸು ಇಷ್ಟು. ರಾಂಪುರದ ಹತ್ತಿರದ ಹಳ್ಳಿಯ ತಿಪ್ಪೇಶ, ಖಾಸಗಿ ಬಸ್ಸಿನ ಕಂಡಕ್ಟರ್. ಹೊಸ ಮನೆ ಕಟ್ಟಿಸಿದ್ದಾನೆ. ಒಳಗೆ ಕಾಲಿಡುವ ಮುಂಚೆ ಹಿರಿಯರಿಗೆ ಎಡೆ ಇಡಬೇಕು, ಎಡೆಯ ಮುಂದೆ ಫೋಟೋ ಇರಬೇಕು. ಅಪ್ಪನದು ಇದೆ, ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅವ್ವನದು ಒಂದೂ ಇಲ್ಲ. ಇವನು ಹತ್ತು ತಿಂಗಳ ಕೂಸಾಗಿದ್ದಾಗ ಆಕೆ ಹೋದದ್ದು. ಹೆತ್ತವಳ ಮುಖ ಹೇಗಿತ್ತೆಂದೇ ಇವನಿಗೆ ಗೊತ್ತಿಲ್ಲ. ಆದರೆ ಅಕ್ಕ ಗಂಗಮ್ಮನನ್ನು ಕಂಡರೆ ಊರಿನ ಹಿರಿಯರೆಲ್ಲ "ಅವ್ವನ್ನ ನೋಡ್ದಂಗೇ ಆಗ್ತೈತೆ" ಅನ್ನುತ್ತಾರಂತೆ.

ಹಾಗಾದರೆ ಅಕ್ಕನನ್ನೇ ಕೂರಿಸಿ ತೆಗೆಯುವುದು!

ಓಬಳೇಶನಿಗೆ ಇದು ಹೊಸದಲ್ಲ. ಫೋಟೋ ಇಲ್ಲದೆ ಸತ್ತ ಅಣ್ಣನಿಗೆ ತಮ್ಮ ಕೂತಿದ್ದಾನೆ. ತಾತನಿಗೆ ಮೊಮ್ಮಗ, ಬಿಳಿ ಮೀಸೆ ಅಂಟಿಸಿಕೊಂಡು.

"ದಿಸ್ ಈಸ್ ಚೀಟಿಂಗ್, ಓಬಳೇಶ್," ಎಂದೆ. ಕಾನ್ವೆಂಟಿನ ಸಿಸ್ಟರ್ಸ್ ಕೈಯಲ್ಲಿ ಬೆಳೆದವಳು ನಾನು. ಕೆಲವು ಮಾತು ತಾನಾಗಿಯೇ ಇಂಗ್ಲಿಷಿನಲ್ಲಿ ಬಂದುಬಿಡುತ್ತದೆ.

"ಮದುವೆ ಆಲ್ಬಮ್ಮಾಗೆ ಹಿಂದ್ಗಡೆ ಸ್ವಿಟ್ಜರ್ಲೆಂಡ್ ಹಾಕ್ತಿದ್ದೋರು ನಾವು ಮೇಡಮ್ಮೋರೆ. ಇವ್ನು ಕೇಳ್ತಿರಾದು ಅವ್ವನ್ನ."

ಬೀರು ತೆಗೆದೆ.

ಹಳೆಯ ಮನೆಯ ಜಗಲಿ. ಬೆಳಗಿನ ಒಳ್ಳೆಯ ಬೆಳಕು. ಹಿಂದೆ ಬ್ಯಾಕ್‌ಡ್ರಾಪ್‌ಗೆ ಒಂದು ಬಿಳಿ ಪಂಚೆ. ಗಂಗಮ್ಮನಿಗೆ ಐವತ್ತು ದಾಟಿದೆ. ಮದುವೆಯಾಗಿದ್ದೂ ಅದೇ ಊರಿಗೆ, ತಮ್ಮನನ್ನು ಜೊತೆಗೇ ಕರೆದೊಯ್ದು ಸಾಕಿದವಳು. ತಲೆ ಮೇಲೆ ಸೆರಗು ಹೊದ್ದು, ಎರಡೂ ಕೈ ಮಂಡಿಯ ಮೇಲಿಟ್ಟು, ರೇಷನ್ ಕಾರ್ಡಿಗೆ ಕೂತಂತೆ ಕೂತಳು. ಸ್ಮೈಲ್ ಅಂದರೆ ಇನ್ನಷ್ಟು ಬಿಗಿಯಾದಳು.

"ನಿಮ್ಮವ್ವ ಹೇಗೆ ಕೂರ್ತಿದ್ದರು, ಗಂಗಮ್ಮ?"

"ಕೂರಾಕೆ ಅವಳಿಗೆ ಹೊತ್ತೆಲ್ಲಿತ್ತು ತಾಯಿ?"

ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ಸೆರಗು ಸರಿಮಾಡಿಕೊಂಡು ತಾನೇ ಹೇಳಿದಳು.

"ಆಗ ನಂಗೂ ಹನ್ನೆರಡೇ ವರ್ಷ. ನೆಪ್ಪಿರಾದು ಒಂದೇ. ತೊಟ್ಲಾಗೆ ಇವ್ನ ನೋಡ್ತಾ ಬಗ್ಗಿರ್ತಿದ್ಲು. ಎದ್ರಿಂದ ಮುಖ ಹೆಂಗಿತ್ತು ಅಂದ್ರೆ ನಾನೂ ಸರಿಯಾಗಿ ಹೇಳ್ಲಾರೆ."

ಇಷ್ಟು ವರ್ಷ ಮುಖಗಳನ್ನೇ ನೋಡಿದವಳು ನಾನು. ಆದರೂ ಈ ಮಾತಿಗೆ ಒಂದು ಕ್ಷಣ ಕ್ಯಾಮೆರಾ ಕೆಳಗಿಳಿಸಿದೆ. ನಮ್ಮ ನೆನಪಿನಲ್ಲಿ ನಮ್ಮವರು ಎಲ್ಲಿ ಲೆನ್ಸ್ ನೋಡುತ್ತಾರೆ? ಒಲೆ ನೋಡುತ್ತಿರುತ್ತಾರೆ, ಬಾಗಿಲು ನೋಡುತ್ತಿರುತ್ತಾರೆ.

"ಕಂಡಕ್ಟರ್ ಸಾಹೇಬ್ರೆ, ಬನ್ನಿ. ಅಕ್ಕನ ಕಾಲ ಹತ್ತಿರ ನೆಲದ ಮೇಲೆ ಕೂತ್ಕೊಳ್ಳಿ," ಎಂದೆ. ನಾಚಿಕೊಂಡೇ ಕೂತ. ಗಂಗಮ್ಮ ಬಗ್ಗಿ ನೋಡಿದಳು. ಭುಜ ಸಡಿಲವಾಯಿತು.

"ನೋಡಲೇ, ನಡುನೆತ್ತಿ ಹೆಂಗ್ ಬೋಳಾಗೈತೆ. ಎಣ್ಣೆ ಹಚ್ಕಳಾ ಅಂದ್ರೆ ಒಂದಿನ ಕೇಳ್ದೋನಲ್ಲ."

ಕ್ಲಿಕ್.

ಪಕ್ಕದಲ್ಲಿದ್ದ ಓಬಳೇಶ ಪಿಸುಗುಟ್ಟಿದ. "ಕಣ್ಣು ಕೆಳಗೈತೆ ಮೇಡಮ್ಮೋರೆ. ಎಡೆಗಿಡೋ ಫೋಟೋ, ನೋಡೋರ ಕಡೆ ಕಣ್ಣಿರಬೇಕು."

"ಎಡೆ ನೆಲದ ಮೇಲೆ ತಾನೆ ಇಡೋದು? ಕೆಳಗೇ ನೋಡಲಿ ಬಿಡು."

ಶನಿವಾರ ಚಳ್ಳಕೆರೆಯ ಸ್ಟುಡಿಯೋದಲ್ಲಿ ಮತ್ತೆ ಸೇರಿದೆವು. ಓಬಳೇಶ ಎರಡು ಪ್ರಿಂಟ್ ಹಾಕಿಟ್ಟಿದ್ದ. ಒಂದು, ನಾನು ತೆಗೆದಂತೆಯೇ. ಇನ್ನೊಂದರಲ್ಲಿ ಕಂಪ್ಯೂಟರಿನ ಕೈಚಳಕ. ಕೂದಲು ಕಪ್ಪು, ಕೆನ್ನೆ ತುಂಬಿದೆ, ಸುಕ್ಕು ಮಾಯ. ಕೆಲಸ ಬ್ಯೂಟಿಫುಲ್ ಆಗಿತ್ತು, ಒಪ್ಪಿಕೊಳ್ಳಬೇಕು. ತಿಪ್ಪೇಶ ಅದನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದ.

"ಯಾರಣ್ಣ ಈ ಹುಡುಗಿ?"

"ನಿಮ್ಮವ್ವ ಕಣಲೇ! ಮೂವತ್ತಕ್ಕೇ ಹೋದ್ಲು ಅಂತ ನೀನೇ ಹೇಳ್ದೆ."

"ನಂಗೆ ನಲವತ್ತೊಂದಣ್ಣ. ನನಗಿಂತ ಸಣ್ಣೋಳ್ನ ಅವ್ವಾ ಅಂತ ಹೆಂಗ್ ಕರೀಲಿ?"

ಓಬಳೇಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರ ಸರ್ವೀಸ್ ಕೂಡಿಸಿದರೂ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ನನ್ನ ತಾಯಿಯೂ ಗೋಡೆಯ ಮೇಲೆ ನಲವತ್ತೆಂಟಕ್ಕೇ ನಿಂತಿದ್ದಾರೆ. ಮೊದಲು ಅವರು ತಾಯಿಯಂತಿದ್ದರು. ಆಮೇಲೆ ಅಕ್ಕನಂತೆ ಕಾಣತೊಡಗಿದರು. ಈಗೀಗ ಧೂಳು ಒರೆಸುವಾಗ "ಪಾಪ, ಎಷ್ಟು ಚಿಕ್ಕವಳು" ಅನಿಸುತ್ತದೆ. ಅಮ್ಮನ ಹತ್ತಿರ ಹೇಳಿಕೊಳ್ಳಬೇಕಾದ ಮಂಡಿನೋವನ್ನು ಅಷ್ಟು ಚಿಕ್ಕವಳ ಹತ್ತಿರ ಹೇಗೆ ಹೇಳಿಕೊಳ್ಳಲಿ? ಫ್ರೇಮು ಕಾಪಾಡುತ್ತದೆ ಅಂದುಕೊಂಡಿರುತ್ತೇವೆ. ಅದು ನಮ್ಮವರನ್ನು ಅಲ್ಲೇ ನಿಲ್ಲಿಸಿ, ನಮ್ಮನ್ನು ಮಾತ್ರ ಮುಂದಕ್ಕೆ ತಳ್ಳಿಬಿಡುತ್ತದೆ.

ತಿಪ್ಪೇಶ ಸುಕ್ಕಿನ ಪ್ರಿಂಟನ್ನು ಎತ್ತಿಕೊಂಡ. ಗಂಗಮ್ಮನ ಹಣೆಯ ಗೆರೆ, ಕಣ್ಣ ಕೆಳಗಿನ ಜೋಲು ಎಲ್ಲವೂ ಇದ್ದವು.

"ಇದಾದ್ರೆ ಸರಿ. ಅವ್ವ ಇದ್ದಿದ್ರೆ ಇಷ್ಟಾದ್ರೂ ಆಗಿರೋಳು."

ಓಬಳೇಶ ಅದಕ್ಕೆ ಕಟ್ಟು ಹಾಕಿ, ಗಾಜು ಒರೆಸಿ, ಎಂದಿನ ಅಭ್ಯಾಸದಂತೆ ಮೇಲೊಂದು ಗಂಧದ ಹಾರ ಇಳಿಬಿಟ್ಟ.

ತಿಪ್ಪೇಶನ ಮುಖ ಕಪ್ಪಿಟ್ಟಿತು. "ತೆಗೀರಿ ಅದ್ನ."

"ಇದು ಸ್ಟುಡಿಯೋ ಕಡೀಂದ ಕಣಲೇ, ಫ್ರೀ."

"ತೆಗೀರಿ ಅಂದ್ನಲ್ಲ. ಅಕ್ಕ ಇನ್ನೂ ಬದುಕವಳೆ."

ಓಬಳೇಶ ಎರಡೂ ಕೈಯಿಂದ ಮೆಲ್ಲಗೆ ಹಾರ ತೆಗೆದ. ನಲವತ್ತು ವರ್ಷದ ಹಿಂದೆ ಹೋದವಳಿಗೆ ಇನ್ನು ಹಾರವಿಲ್ಲ, ಅವಳ ಮುಖದಲ್ಲಿ ಇನ್ನೊಬ್ಬಳು ಉಸಿರಾಡುತ್ತಿರುವ ತನಕ.

"ಅಲ್ಲ ತಿಪ್ಪೇಶ," ಎಂದ ಓಬಳೇಶ, "ಮನೆಗೆ ಬಂದೋರು ಕೇಳ್ತಾರಲ್ಲಪ್ಪ. ಅಪ್ಪನಿಗೆ ಹಾರ ಐತೆ, ಅವ್ವನಿಗ್ಯಾಕಿಲ್ಲ ಅಂತ. ಏನ್ ಹೇಳ್ತೀಯಾ?"

ತಿಪ್ಪೇಶ ಫ್ರೇಮನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಅವ್ವ ಹಿತ್ಲಾಗವಳೆ, ಮೆಣಸಿನಕಾಯಿ ಒಣಗಾಕ್ತಾವಳೆ ಅಂತೀನಿ."

ಅಲ್ಲ ಅನ್ನಲು ನಿಮಗೆ ಬಾಯಿ ಬರುತ್ತದೆಯೇ?