ಬಾಣಂತಿ ಬಸ್ಸಿನ ಡ್ರೈವರು ಬಿದ್ದ ಕತೆ

ಬಸಂತರಾಯರಿಗೆ ಮೂಲವ್ಯಾಧಿ ಇದೆ ಎಂದು ನಾನು ಎರಡು ವರ್ಷ ನಂಬಿದ್ದೆ. ಬರೀ ನಂಬಿದ್ದರೆ ಚಿಂತೆಯಿರಲಿಲ್ಲ, ಔಷಧವನ್ನೂ ಕೊಟ್ಟೆ.

ನಾನು ದೇವರ ಹಿಪ್ಪರಗಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಮನೆ ಸಿಂದಗಿಯಲ್ಲಿ. ದಿನಾ ಬೆಳಿಗ್ಗೆ ಇಂಡಿಯಿಂದ ಬಂದು ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಹತ್ತುತ್ತೇನೆ. ಬಸಂತರಾಯ ಬಿರಾದಾರ ಅದರ ಡ್ರೈವರು, ವಯಸ್ಸು ನಲವತ್ತೇಳು, ಹೊಟ್ಟೆ ಅದಕ್ಕೆ ತಕ್ಕಷ್ಟು. ಡ್ರೈವರ ಹಿಂದಿನ ಸೀಟು ನನ್ನದು. ಹಾಗಂತ ಎಲ್ಲಿಯೂ ಬರೆದಿಲ್ಲ, ಆದರೆ ಅಧ್ಯಾಪಕನಾದವನು ನಿಂತು ಹೋಗುವುದು ಚೆನ್ನಾಗಿ ಕಾಣುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೇನೆ. ಅಲ್ಲಿ ಕೂತು ನೋಡಿದಾಗ ಕಂಡದ್ದು ಇದು: ಬಲಕ್ಕೆ ತಿರುವು ಬಂದರೆ ಬಸಂತರಾಯರು ತಮ್ಮ ಹಿಂಭಾಗದ ಬಲ ಅರ್ಧವನ್ನು ಸೀಟಿನಿಂದ ಆಚೆ ಜಾರಿಸಿ, ಹೆಗಲು ಬಗ್ಗಿಸಿ, ಗದ್ದ ಮುಂದೆ ಮಾಡುತ್ತಿದ್ದರು. ಎಡಕ್ಕೆ ಬಂದರೆ ಎಡ ಅರ್ಧ. ಬಸ್ಸು ಮಾತ್ರ ನಲವತ್ತರ ವೇಗದಲ್ಲಿ ಗರತಿಯ ಹಾಗೆ ನೆಟ್ಟಗೆ ಹೋಗುತ್ತಿತ್ತು.

ನಮ್ಮಜ್ಜ ವೈದ್ಯರಲ್ಲ. ಆದರೆ ಆ ರೋಗ ಅವರಿಗಿತ್ತು, ಹೀಗಾಗಿ ಅದರ ವಿದ್ಯೆ ನಮ್ಮ ಮನೆತನದಲ್ಲಿದೆ. ಒಂದು ದಿನ ಎರಡು ಕಿಲೊ ಸುವರ್ಣಗಡ್ಡೆ ತಂದು ಬಸಂತರಾಯರ ಕೈಗಿಟ್ಟು, "ಮಜ್ಜಿಗಿ ಕೂಡ ತಗೋರಿ. ನಾಚಿಕಿ ಪಡಬ್ಯಾಡ್ರಿ, ದೊಡ್ಡ ದೊಡ್ಡ ರಾಜರಿಗೂ ಇದು ಇತ್ತು" ಎಂದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, "ಆತ್ರಿ ಸರ" ಎಂದರು.

ಮೂರು ವಾರದ ಮೇಲೆ ಕಂಡಕ್ಟರ ಅಮಸಿದ್ದ ನನ್ನ ಕಿವಿಯ ಹತ್ತಿರ ಬಂದ. "ಸರ, ಅವರಿಗೆ ಆ ಜಡ್ಡ ಇಲ್ರಿ. ಫಟಫಟಿ ರೇಸಿನ ಹುಚ್ಚ ಐತ್ರಿ. ಬೈಕಿನವರು ತಿರುವಿನ್ಯಾಗ ವಾಲೂದು ಫೋನಿನ್ಯಾಗ ನೋಡಿ ನೋಡಿ, ಸೀಟಿನ ಮ್ಯಾಲೆ ಪ್ರ್ಯಾಕ್ಟೀಸ್ ಮಾಡ್ತಾರ."

"ಮತ್ತ ಗಡ್ಡಿ?"

ಬಸಂತರಾಯರು ತಿರುಗದೆಯೇ ಉತ್ತರ ಕೊಟ್ಟರು: "ನೀವು ಕಲಿತವರು ಹೊತ್ತ ತಂದಿದ್ರಿ. ನಮ್ಮಾಕಿ ಪಲ್ಯ ಮಾಡಿದ್ಲು. ಬಾಯಿ ಕೆರೀತಿತ್ರಿ. ತಿಂದ್ವಿ."

ಇಂಥ ಮನುಷ್ಯ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದು ಒಂದು ನಾಯಿಮರಿಗೂ ಗಾಲಿ ತಾಗಿಸಿದವರಲ್ಲ. ಅದಕ್ಕಾಗಿ ಸರಕಾರ ಕೊಟ್ಟ ಬೆಳ್ಳಿ ಪದಕ ಖಾಕಿ ಅಂಗಿಯ ಜೇಬಿನ ಮೇಲೆ ಇರುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ಪದಕವನ್ನು ಜನ ಕೊಟ್ಟಿದ್ದರು. ನಮ್ಮ ಕಡೆ ಹೆರಿಗೆಗೆ ತವರಿಗೆ ಬಂದ ಮಗಳನ್ನು ಐದನೆಯ ತಿಂಗಳಲ್ಲಿ ಕೂಸು, ತೊಟ್ಟಿಲು, ಕೊಬ್ಬರಿ-ಅಂಟಿನ ಉಂಡೆಯ ಡಬ್ಬಿ ಸಮೇತ ಗಂಡನ ಮನೆಗೆ ಮುಟ್ಟಿಸುವುದು ಪದ್ಧತಿ. ಇಂಡಿಯಿಂದ ಮುದ್ದೇಬಿಹಾಳದ ತನಕ ಆ ಪಯಣ ಬಸಂತರಾಯರ ಬಸ್ಸಿನಲ್ಲೇ ಆಗಬೇಕೆಂದು ಮುದುಕಿಯರು ತಾವೇ ಕಾನೂನು ಮಾಡಿಕೊಂಡಿದ್ದರು. ವಾರ, ತಿಥಿ ನೋಡಿದ ಮೇಲೆ ಡಿಪೋಕ್ಕೆ ಫೋನ್ ಹಚ್ಚಿ "ಅಂವಾ ಅದಾನೋ ಇಲ್ಲೋ" ಎಂದು ಕೇಳುತ್ತಿದ್ದರು. ಅವರ ರಜೆಯ ದಿನ ಪಂಚಾಂಗದಲ್ಲಿ ಎಂಥ ಅಮೃತಯೋಗವಿದ್ದರೂ ಕೂಸು ಹೊರಡುತ್ತಿರಲಿಲ್ಲ. ಊರಲ್ಲಿ ಅದಕ್ಕೆ ಬಾಣಂತಿ ಬಸ್ಸು ಎಂದೇ ಹೆಸರು.

ಈ ಮನುಷ್ಯನಿಗೆ ಜೋರು ಓಡಿಸುವ ಆಸೆ. ಎಲ್ಲಿ ಓಡಿಸಬೇಕು? ರಸ್ತೆಯ ಮೇಲೆ ಜನ ಇರುತ್ತಾರೆ, ಎಮ್ಮೆ ಇರುತ್ತವೆ, ತೊಗರಿ ಕಟ್ಟಿಗೆಯ ಟ್ರ್ಯಾಕ್ಟರ್ ಇರುತ್ತವೆ. ಸಿಂದಗಿಯ ಫಟಫಟಿ ರಿಪೇರಿಯ ಯಾಕೂಬಸಾಬರು ದಾರಿ ತೋರಿಸಿದರು: ಕೊಯಮತ್ತೂರಿನ ಹತ್ತಿರ ಒಂದು ರೇಸ್ ಟ್ರ್ಯಾಕ್ ಇದೆ, ಒಂದು ದಿನ ಯಾರು ಬೇಕಾದರೂ ಹೋಗಿ ಓಡಿಸಬಹುದು, ಗಾಡಿಯೂ ಚರ್ಮದ ಬಟ್ಟೆಯೂ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮನೆಯಲ್ಲಿ ಹೆಂಡತಿ ವಿಜಯಲಕ್ಷ್ಮಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲವಂತೆ. "ಹೋಗ್ರಿ. ಬಿದ್ರ ಮಾತ್ರ ನನ್ನ ಮುಂದ ಅಳಬ್ಯಾಡ್ರಿ."

ಹೋದರು. ಯಾಕೂಬಸಾಬರೂ ಜತೆಗೆ ಹೋಗಿದ್ದರಿಂದ ನನಗೆ ಎಲ್ಲವೂ ಎರಡೆರಡು ಸಲ ಗೊತ್ತಾಯಿತು.

ಚರ್ಮದ ಬಟ್ಟೆಯ ಜಿಪ್ಪು ಹೊಟ್ಟೆಯ ಹತ್ತಿರ ನಿಂತುಬಿಟ್ಟಿತು. ಯಾಕೂಬಸಾಬರು ಜೋಳದ ಚೀಲದ ಬಾಯಿ ಕಟ್ಟುವಾಗ ಊರುವಂತೆ ಮೊಣಕಾಲು ಊರಿ ಎಳೆದರು. ಸುತ್ತ ನಿಂತವರೆಲ್ಲ ಬಸಂತರಾಯರ ಮಗನ ವಯಸ್ಸಿನವರು. ಕಲಿಸುವವನು ಕೆಲಸವೇನೆಂದು ಕೇಳಿದ. ಬಸ್ ಡ್ರೈವರ್ ಎಂದಾಗ ಎಲ್ಲರೂ ನಕ್ಕರು, ಇವರೂ ನಕ್ಕರು. ಗಾಡಿ ಹತ್ತಿ ನೋಡಿದರೆ ಕನ್ನಡಿ ಇಲ್ಲ, ಲೈಟು ಇಲ್ಲ. ಅದನ್ನೆಲ್ಲ ತಡೆದುಕೊಂಡರು. ಹಾರ್ನ್ ಇಲ್ಲ ಎಂದಾಗ ಮಾತ್ರ ಎದೆ ಧಸಕ್ಕೆಂದಿತಂತೆ. ಇಪ್ಪತ್ತೆರಡು ವರ್ಷ ಹಾರ್ನ್ ಹೊಡೆದ ಹೆಬ್ಬೆರಳು ಮೊದಲ ಸುತ್ತು ಪೂರ್ತಿ ಅದನ್ನೇ ಹುಡುಕಿತು.

ಎರಡನೆಯ ಸರದಿಯಲ್ಲಿ ದೊಡ್ಡ ಫಜೀತಿ. ಹಿಂದೆ ಯಾರೋ ಗುರ್ರೆನ್ನುವುದು ಕೇಳಿಸಿತು. ನಮ್ಮ ರಸ್ತೆಗಳಲ್ಲಿ ಹಿಂದಿನ ಗಾಡಿಗೆ ದಾರಿ ಕೊಡುವಾಗ ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ "ಹೋಗಪಾ ಹೋಗು" ಎಂದು ಬೀಸುತ್ತಾನಲ್ಲ, ಹಾಗೆ ಬಸಂತರಾಯರು ಕೈಯೆತ್ತಿ ಬೀಸಿದರು. ಅಲ್ಲಿ ಕೈಯೆತ್ತಿದರೆ ಗಾಡಿ ಕೆಟ್ಟಿದೆ, ನಿಧಾನ ಮಾಡುತ್ತೇನೆ ಎಂದರ್ಥವಂತೆ. ಹಿಂದಿನ ಐದಾರು ಜನ ಒಮ್ಮೆಲೇ ಬ್ರೇಕ್ ಒತ್ತಿ ಬೈಯುತ್ತ ಹೋದರು. ಕಲಿಸುವವನು ಕರೆದು ಗದರಿದ. "ಮರ್ಯಾದಿ ಮಾಡಾಕ ಹೋಗಿದ್ನಿರಿ" ಎಂದು ಇವರು ಕನ್ನಡದಲ್ಲೇ ವಿವರಿಸಿದರು. ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಮೇಲೆ ಕೈ ಹಿಡಿತಕ್ಕೆ ಬಂತು. ಬಸ್ಸಿನ ಸೀಟಿನ ಮೇಲೆ ಎರಡು ವರ್ಷ ಮಾಡಿದ ಅಭ್ಯಾಸವೆಲ್ಲ ಒಂದು ಎಡ ತಿರುವಿನಲ್ಲಿ ಕೂಡಿಬಂತು. ಹಿಂಭಾಗ ಜಾರಿತು, ಹೆಗಲು ಬಗ್ಗಿತು, ಮೊಣಕಾಲಿನ ಪಟ್ಟಿ ನೆಲಕ್ಕೆ ತಾಗಿ ಚರ್ರೆಂದಿತು. ಮುಂದಿನ ಸುತ್ತಿನಲ್ಲಿ ಆ ಸಪ್ಪಳ ಇನ್ನೊಮ್ಮೆ ಬೇಕೆನಿಸಿ, ಇನ್ನಷ್ಟು ಜೋರಾಗಿ ಅದೇ ತಿರುವಿಗೆ ಹೋದರು. ಮುಂದಿನ ಗಾಲಿ ಸರಿಯಿತು. ಗಾಡಿ ಒಂದು ಕಡೆ, ಬಸಂತರಾಯರು ಒಂದು ಕಡೆ, ಹುಲ್ಲಿನ ಮೇಲೆ ಬೆನ್ನಡಿಯಾಗಿ ಇಪ್ಪತ್ತು ಮಾರು ಜಾರಿದರು. ಮೊಣಕಾಲು ತರಚಿತು, ಅಷ್ಟೆ. ಯಾಕೂಬಸಾಬರು ಓಡಿಹೋಗಿ ಹೆಲ್ಮೆಟ್ ತೆಗೆದರೆ ಒಳಗೆ ಮನುಷ್ಯ ನಗುತ್ತಿದ್ದ.

ತಿರುಗಿ ಬಂದ ಮೇಲೆ ಆ ನಗು ನಾನು ನೋಡಲಿಲ್ಲ. ಬಸ್ಸಿನಲ್ಲಿ ಮೊದಲು ಕಂಡದ್ದು ಅಂಗಿಯ ಮೇಲಿನ ಎರಡು ಸಣ್ಣ ತೂತು. ಪದಕ ಇರಲಿಲ್ಲ.

"ಡಿಪೋದಾಗ ವಾಪಸ್ ಕೊಡಾಕ ಹೋಗಿದ್ನಿರಿ," ಎಂದರು. "ಸಾಹೇಬ್ರು, ನಮ್ಮ ಬಸ್ಸ ಬಿದ್ದಿಲ್ಲಲ್ಲ, ನಿನಗೇನಾಗೇತಿ ಅಂದ್ರು. ಪದಕ ಕೊಡಾಕ ಆದೇಶ ಐತಂತ, ತಿರುಗಿ ತಗೊಳ್ಳಾಕ ನಮೂನಿ ಇಲ್ಲಂತ. ಟ್ರಂಕಿನ್ಯಾಗ ಒಗದೇನಿ."

ಕುದುರೆಯಿಂದ ಬಿದ್ದೂ ರಾಜ್ಯವಾಳಿದ ಸುಲ್ತಾನರ ಬಗ್ಗೆ ನಾನು ಸಿಂದಗಿಯಿಂದ ದೇವರ ಹಿಪ್ಪರಗಿಯ ತನಕ ಉಪನ್ಯಾಸ ಕೊಟ್ಟೆ. ನನ್ನ ವಿದ್ಯಾರ್ಥಿಗಳಂತೆಯೇ ಅವರೂ ಕೇಳಿಸಿಕೊಳ್ಳಲಿಲ್ಲ. ಊರು ಹತ್ತಿರವಾದಾಗ, ಎಂಜಿನ್ ಸಪ್ಪಳದಲ್ಲಿ ಅರ್ಧ ಮುಚ್ಚಿಹೋಗುವಂತೆ ಹೇಳಿದರು: "ಬಿದ್ದಿದ್ದಕ್ಕಲ್ರಿ ಸರ. ಬಿದ್ದಾಗ ಹೆಂಡ್ತಿ ನೆನಪಾಗ್ಲಿಲ್ಲ, ಮಕ್ಕಳು ನೆನಪಾಗ್ಲಿಲ್ಲ. ಇನ್ನೊಮ್ಮೆ ಹೋಗಬೇಕು ಅಂತ ಅನಿಸ್ತು. ಇಂಥಾಂವನ ಹಿಂದ ಹಸಗೂಸು ಕುಂದ್ರಸ್ತಾರ."

ಎಂಟು ದಿನ ಬಾಣಂತಿ ಯಾರೂ ಬರಲಿಲ್ಲ. ಬಾರದಿರಲಿ ಎಂದೇ ಅವರು ಕಾಯುತ್ತಿದ್ದರೆಂದು ಕಾಣುತ್ತದೆ. ಪ್ರತಿ ಸ್ಟ್ಯಾಂಡಿನಲ್ಲಿ ಗುಂಪಿನ ಮೇಲಿಂದ ತೊಟ್ಟಿಲ ಕಾಲು ಎಲ್ಲಾದರೂ ಕಾಣುತ್ತದೆಯೇ ಎಂದು ಕುತ್ತಿಗೆ ಉದ್ದ ಮಾಡುತ್ತಿದ್ದರು. ಈಗ ತಿರುವಿನಲ್ಲಿ ಹಿಂಭಾಗ ಅಲುಗುತ್ತಿರಲಿಲ್ಲ. ಮೊಳೆ ಹೊಡೆದಂತೆ ಕೂತಿರುತ್ತಿದ್ದರು.

ಒಂಬತ್ತನೆಯ ದಿನ ಸಿಂದಗಿ ಸ್ಟ್ಯಾಂಡಿನಲ್ಲಿ ಶಂಕ್ರೆವ್ವ ಬಂದಳು. ಜತೆಗೆ ಮೊಮ್ಮಗಳು ಐಶ್ವರ್ಯ, ಆಕೆಯ ಮಡಿಲಲ್ಲಿ ಕುಂಚಿಗೆ ಹಾಕಿದ ಕೂಸು. ಹೋಗಬೇಕಾದ್ದು ಮುದ್ದೇಬಿಹಾಳದ ಆಚೆ ತಂಗಡಗಿಗೆ. ಬಣ್ಣದ ತೊಟ್ಟಿಲನ್ನು ಅಮಸಿದ್ದ ಮೇಲೇರಿಸಿ ಕಟ್ಟಿದ. ನಾನು ಉದಾರವಾಗಿ ನನ್ನ ಸೀಟು ಬಿಟ್ಟುಕೊಟ್ಟು, ಅದನ್ನು ಯಾರಾದರೂ ಗಮನಿಸಿದರೋ ಎಂದು ಸುತ್ತ ನೋಡಿದೆ.

"ಯಪ್ಪಾ ಬಸಂತರಾಯ, ನೀ ರಜಾ ಹಾಕಿದಿ ಅಂತ ಆವಾಗಿನ ಚಲೋ ದಿನ ಬಿಟ್ಟು, ನಿನ್ನ ಸಲುವಾಗಿ ಹತ್ತ ದಿನ ಕಾದೇವಿ. ಎಲ್ಲಿ ಹಾಳಾಗಿ ಹೋಗಿದ್ದಿ? ಇಂದ ದಿನ ಚಲೋ ಐತಿ, ಹೊಡಿ ಇನ್ನ," ಎಂದಳು ಶಂಕ್ರೆವ್ವ.

ಬಸಂತರಾಯರು ಕೀಲಿ ತಿರುಗಿಸಲಿಲ್ಲ. ಸೀಟಿನಿಂದ ಎದ್ದು ಬಂದು ಆಕೆಯ ಮುಂದೆ ನಿಂತರು.

"ಆಯಿ, ನಾ ಬಿದ್ದೇನಿ."

"ಎಲ್ಲಿ?"

"ಫಟಫಟಿ ಮ್ಯಾಲಿಂದ. ರೇಸಿನ್ಯಾಗ."

"ನಾಯಿ ಅಡ್ಡ ಬಂತೇನ?"

"ಇಲ್ಲ. ಜೋರ ಹೊಡದೆ."

"ಯಾರರ ಸಾಯಾಕ ಬಿದ್ದಿದ್ರೇನ, ಅಷ್ಟ ಜೋರ ಹೋಗಾಕ?"

"ಇಲ್ಲ ಆಯಿ. ಚಂದ ಅನಿಸ್ತು."

ಬಸ್ಸಿನಲ್ಲಿ ಒಬ್ಬಿಬ್ಬರು ನಕ್ಕರು. ಶಂಕ್ರೆವ್ವ ನಗಲಿಲ್ಲ. ಅವರ ಮುಖವನ್ನು, ಅಂಗಿಯ ಎರಡು ತೂತನ್ನು, ಕೂಸನ್ನು, ಆ ಕ್ರಮದಲ್ಲಿ ನೋಡಿದಳು.

"ಆಯಿ, ಇರಲಿ ಬಿಡು, ಬಸ್ಸ ಚಲೋನ ಹೊಡಿತಾರ," ಎಂದಳು ಐಶ್ವರ್ಯ.

"ನೀ ಸುಮ್ಮನ ಕುಂದ್ರು." ಮುದುಕಿ ಬಸಂತರಾಯರ ಕಡೆ ತಿರುಗಿದಳು. "ಖರೇ ಹೇಳಿದಿ, ನಿನ್ನ ಹೊಟ್ಟಿ ತಣ್ಣಗಿರ್ಲಿ. ತೊಟ್ಟಲ ಇಳಸು. ಮಧ್ಯಾಹ್ನದ ಬಸ್ಸಿಗೆ ಹೋಗ್ತೇವಿ."

"ಮಧ್ಯಾಹ್ನದ ಡ್ರೈವರ ಗುಡುಸಾಬ. ಚಲೋ ಹೊಡಿತಾನ್ರಿ."

"ಅಂವಗ ಚಂದಗಿಂದ ಏನೂ ಅನಿಸೂದಿಲ್ಲ ಹೌದಿಲ್ಲೋ?"

"ಇಲ್ರಿ. ಅಂವಗ ಏನೂ ಅನಿಸೂದಿಲ್ಲ."

ಅಮಸಿದ್ದ ಮೇಲೆ ಹತ್ತಲು ಹೋದರೆ ಬಸಂತರಾಯರು ತಡೆದರು. ತರಚಿದ ಮೊಣಕಾಲಲ್ಲೇ ಏಣಿ ಹತ್ತಿ, ಹಗ್ಗ ಬಿಚ್ಚಿ, ತೊಟ್ಟಿಲನ್ನು ತಾವೇ ಹೆಗಲ ಮೇಲೆ ಹೊತ್ತು ಇಳಿಸಿ, ಸ್ಟ್ಯಾಂಡಿನ ನೆರಳಿನ ಕಟ್ಟೆಯ ಮೇಲೆ ಒರಗಿಸಿಟ್ಟರು. ಕೂಸು ಕಣ್ಣು ಬಿಟ್ಟು ಇವರನ್ನೇ ನೋಡುತ್ತಿತ್ತು. ಇವರು ಅದರ ಕಡೆ ನೋಡಲಿಲ್ಲ.

ಬಸ್ಸು ಊರು ದಾಟಿತು. ನನ್ನ ಸೀಟು ನನಗೆ ತಿರುಗಿ ಸಿಕ್ಕಿದ್ದರಿಂದ ನಾನು ಸಾಕಷ್ಟು ಚೇತರಿಸಿಕೊಂಡಿದ್ದೆ. ಅವರಿಗೂ ಸಮಾಧಾನ ಹೇಳುವುದು ನನ್ನ ಕರ್ತವ್ಯವೆನಿಸಿ, ಗಂಟಲು ಸರಿಮಾಡಿಕೊಂಡು ಒಂದು ತಾತ್ವಿಕ ಪ್ರಶ್ನೆ ಕೇಳಿದೆ.

"ಬಸಂತರಾಯ್ರ, ಅಕಿಗೆ ಹೇಳೂ ಅಗತ್ಯ ಏನಿತ್ತು? ವಿಚಾರ ಮಾಡಿ ನೋಡ್ರಿ, ಬಸ್ಸ ಹೊಡಿಯೂ ಮನುಷ್ಯಾ ಬ್ಯಾರೆ, ಫಟಫಟಿ ಹೊಡಿಯೂ ಮನುಷ್ಯಾ ಬ್ಯಾರೆ, ಅಲ್ಲೇನು?"

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಕುಂಡಿ ಒಂದ ಐತಲ್ರಿ, ಸರ."