ನೇತುಹಾಕಿದ ಕೈಯೇ ತೆಗೆಯಬೇಕು

ಕೆಲಸದವರೆಲ್ಲ ನಮ್ಮ ದೊಡ್ಡಮ್ಮನನ್ನು ಬಿಲ್ಲೆಯಕ್ಕ ಎಂದು ಕರೆಯುತ್ತಿದ್ದರು. ನೆಲದಡಿಯ ರೈಲಿನ ಒಂದು ನಿಲ್ದಾಣದಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಅವರ ಕುರ್ಚಿ. ಎದುರಿಗೆ ಕೊಕ್ಕೆಗಳ ಹಲಗೆ, ಪಕ್ಕದಲ್ಲಿ ಕಂಟ್ರೋಲ್ ರೂಮಿನ ಫೋನು.

ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಆ ಸುರಂಗದಲ್ಲಿ ರೈಲಿಲ್ಲ, ರಿಪೇರಿ. ಅಲ್ಲಿ ಕರೆಂಟು ಹರಿಯುವ ಹಳಿಯೊಂದಿದೆ, ಮುಟ್ಟಿದರೆ ಮುಗಿಯಿತು. ಅದಕ್ಕೇ ಕರೆಂಟು ತೆಗೆದ ಮೇಲೆ ಒಳಗಿಳಿಯುವವರು ತಂತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕಬೇಕು, ಹೊರಬಂದು ತಾವೇ ತೆಗೆಯಬೇಕು. ಹಲಗೆ ಬರಿದಾದ ಮೇಲೆ ದೊಡ್ಡಮ್ಮನ ಫೋನು. ಆಮೇಲೆ ಕರೆಂಟು, ಆಮೇಲೆ ರೈಲು.

ಕೆಲಸಕ್ಕೆ ಸೇರಿದ ವರ್ಷ, ಒಂದೇ ಒಂದು ಸಲ, ಅವರು ಬೇರೆಯವರ ಬಿಲ್ಲೆ ತೆಗೆದಿದ್ದರು. ನಲವತ್ತೊಂದನೆಯ ನಂಬರಿನ ಹಿರಿಯರು ಆಗಲೇ ಮನೆಗೆ ಹೋದರು, ಮರೆತಿರಬೇಕು ಎಂದು ಯಾರೋ ಹೇಳಿದ್ದರು. ಕರೆಂಟು ಬಂದಾಗ ಅವರು ಒಳಗೇ ಇದ್ದರು. ವಿಚಾರಣೆಯವರು ತಪ್ಪನ್ನು ಹಾಗೆ ಹೇಳಿದವನ ತಲೆಗೆ ಕಟ್ಟಿದರು. ದೊಡ್ಡಮ್ಮ ತಮ್ಮ ಕೈಗೇ ಕಟ್ಟಿಕೊಂಡರು. ಬಿಲ್ಲೆಯನ್ನು ಅವರ ಜೇಬಿನಲ್ಲಿಟ್ಟೇ ಮನೆಯವರು ಆ ಹಿರಿಯರನ್ನು ಮಣ್ಣು ಮಾಡಿದರಂತೆ. ಆ ನಂಬರನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ದೊಡ್ಡಮ್ಮ ಯಾವ ಬಿಲ್ಲೆಗೂ ಬೆರಳು ತಾಗಿಸಲಿಲ್ಲ.

ಆ ಭಾನುವಾರ ಹನ್ನೊಂದು ಜನ ಇಳಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಹನ್ನೊಂದು ಜನರೂ ಬಂದು ಬಿಲ್ಲೆ ತೆಗೆದುಕೊಂಡರು. ಕೆಳಸಾಲಿನ ಕೊನೆಯ ಕೊಕ್ಕೆಯಲ್ಲಿ ಒಂದು ಉಳಿಯಿತು. ನಲವತ್ತೊಂದು. ಯಾರೂ ಮುಟ್ಟದೆಯೇ ಮೆಲ್ಲಗೆ ತೂಗುತ್ತಿತ್ತು.

"ಯಾರದೋ ತಮಾಷೆ ಅಕ್ಕಾ," ಎಂದ ಮೇಸ್ತ್ರಿ. "ತೆಗೆದು ಡ್ರಾಯರಿಗೆ ಹಾಕಿಬಿಡಿ."

"ನೀನು ನೇತುಹಾಕಿದ್ದಾ?"

"ನನಗೇನು ತಲೆ ಕೆಟ್ಟಿದೆಯಾ?"

"ಹಾಗಾದ್ರೆ ಕೈ ಹಿಂದಕ್ಕಿಟ್ಕೋ."

ನಾಲ್ಕು ದಾಟಿತು. ಫೋನು ಬಡಿದುಕೊಂಡಿತು. "ಬಿಲ್ಲೆಯಕ್ಕ, ನಿದ್ದೆ ಹೋದ್ರಾ? ಹಿಂದೆ ಆರು ರೈಲು ಸಾಲಾಗಿ ನಿಂತಿವೆ. ರೈಲು ಬದಲಾಯಿಸೋ ನಿಲ್ದಾಣದಲ್ಲಿ ಕಾಲಿಡೋಕೆ ಜಾಗ ಇಲ್ಲ."

"ಒಬ್ಬರು ಒಳಗಿದ್ದಾರೆ."

"ಯಾರು?"

ದೊಡ್ಡಮ್ಮ ನಂಬರು ಹೇಳಿದರು. ಕಂಟ್ರೋಲ್ ರೂಮಿನ ಅಧಿಕಾರಿಯ ದನಿ ತಣ್ಣಗಾಯಿತು: "ಹತ್ತು ನಿಮಿಷ. ಆಮೇಲೂ ಇದೇ ರಾಗ ಆದ್ರೆ ನಾಳೆಯಿಂದ ಆ ಕುರ್ಚೀಲಿ ಬೇರೆಯವರು ಕೂರ್ತಾರೆ."

"ಕೂರಲಿ. ಅವರಿಗೂ ಇದನ್ನೇ ಹೇಳಿಕೊಡ್ತೀನಿ."

ಮೇಸ್ತ್ರಿ ಇಬ್ಬರನ್ನು ಕರೆದು, ಅವರವರ ಬಿಲ್ಲೆ ಮತ್ತೆ ನೇತುಹಾಕಿಸಿ, ತನ್ನದನ್ನೂ ಹಾಕಿದ. "ಸತ್ತವರನ್ನ ಕರ್ಕೊಂಡು ಬರೋಕೆ ಮೂವರು ಸಾಕಲ್ವಾ ಅಕ್ಕಾ?" ಅವರು ಇಳಿದರು. ರೈಲು ಓಡದಿದ್ದರೆ ಅಲ್ಲಿ ಗಾಳಿಯಾಡುವುದಿಲ್ಲ. ಮಿಕ್ಕ ಮೂರು ಬಿಲ್ಲೆ ಅಲ್ಲಾಡದೆ ನಿಂತಿದ್ದವು, ನಲವತ್ತೊಂದು ಮಾತ್ರ ತೂಗುತ್ತಲೇ ಇತ್ತು.

ಹತ್ತು ನಿಮಿಷಕ್ಕೆ ಸರಿಯಾಗಿ ಫೋನು ಬಂತು. ದೊಡ್ಡಮ್ಮ ಎತ್ತಿ, "ಇನ್ನೂ ಒಳಗಿದ್ದಾರೆ," ಎಂದು ಇಟ್ಟರು.

ಇಳಿದಿದ್ದ ಮೂವರು ನಾಲ್ವರಾಗಿ ಬಂದರು.

ನಾಲ್ಕನೆಯವನು ಮೇಸ್ತ್ರಿಯ ಹೆಗಲಿಗೆ ಜೋತುಬಿದ್ದಿದ್ದ. ಗುತ್ತಿಗೆದಾರ ತಡವಾಗಿ ಕಳಿಸಿದ ಹೊಸ ಕೆಲಸಗಾರ; ಪಟ್ಟಿಯಲ್ಲಿ ಅವನಿರಲೇ ಇಲ್ಲ. ತಿರುವಿನಾಚೆ ಕಾಲು ಉಳುಕಿ ಬಿದ್ದು, ದೀಪ ಒಡೆದುಕೊಂಡು, ಕತ್ತಲಲ್ಲಿ ಕೈಗೆ ಸಿಕ್ಕಿದ ಹಳಿಯನ್ನು ಹಿಡಿದು ಕೂತಿದ್ದನಂತೆ. ಸಿಕ್ಕಿದ್ದು ಕರೆಂಟಿನ ಹಳಿ.

"ಬಿಲ್ಲೆ ಯಾರು ಕೊಟ್ಟರಪ್ಪಾ?" ದೊಡ್ಡಮ್ಮ ಕೇಳಿದರು.

"ಮೆಟ್ಟಿಲ ಹತ್ರ ಒಬ್ರು ವಯಸ್ಸಾದವರು. ಬರಿಗೈಲಿ ಇಳೀಬೇಡ ಅಂದ್ರು. ನೀವು ಆ ಕಡೆ ತಿರುಗಿ ಫೋನಲ್ಲಿದ್ರಿ, ನಾನೇ ನೇತುಹಾಕಿ ಹೋದೆ."

ಆ ದಿನ ಅಲ್ಲಿ ವಯಸ್ಸಾದವರು ಯಾರೂ ಕೆಲಸಕ್ಕೆ ಬಂದಿರಲಿಲ್ಲ.

"ಇನ್ನೇನಾದ್ರೂ ಹೇಳಿದ್ರಾ?"

ಮೂವರೂ ತಮ್ಮ ಬಿಲ್ಲೆ ತೆಗೆದ ಮೇಲೆ ಅವನು ಕುಂಟುತ್ತ ಹಲಗೆಯ ಹತ್ತಿರ ಹೋಗಿ, ತನ್ನ ಕೈಯಾರೆ ಬಿಲ್ಲೆ ತೆಗೆದ.

"ಹೆದರ್ಕೋಬೇಡ, ಅಲ್ಲಿ ಕೂತಿರೋ ಅಮ್ಮ ಈಗ ಬೇರೆಯವರ ಬಿಲ್ಲೆ ತೆಗೆಯಲ್ಲ ಅಂದ್ರು."

ದೊಡ್ಡಮ್ಮ ಫೋನಿನ ಮೇಲೆ ಕೈಯಿಟ್ಟರು. ಎತ್ತಲು ಬಹಳ ಹೊತ್ತು ಹಿಡಿಯಿತು.