ಗಿರಿಜಾಳ ಎರಡು ಕೆಮ್ಮು

ಖ್ಹೊ, ಖ್ಹೊ. ಎರಡೇ ಸಲ.

ಹುಬ್ಬಳ್ಳಿಯ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಆ ಕೆಮ್ಮು ಕೇಳಿತೆಂದರೆ ವಾರ್ಡನ್ ಸಿಸ್ಟರ್ ಕಾರಿಡಾರಿಗೆ ಬಂದರು ಎಂದರ್ಥ. ತಕ್ಷಣ ಪಿಸುಮಾತು ಬಂದ್, ಎಲ್ಲರ ಮುಖದ ಮೇಲೂ ಮೇರಿಮಾತೆಯ ಕಳೆ. ಕೆಮ್ಮುತ್ತಿದ್ದವಳು ನನ್ನ ಗೆಳತಿ ಗಿರಿಜಾ. ಬಾಗಿಲ ಪಕ್ಕದ ಮಂಚ ಅವಳದು.

ಮುಂದೆ ಅವಳು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮನೆ ಸೇರಿದಳು, ನಾನು ರಾಣೆಬೆನ್ನೂರಿಗೆ ಬಂದೆ. ಹೋದ ವರ್ಷ ಅವಳಿಗೆ ನಿಜವಾದ ಕೆಮ್ಮು ಹತ್ತಿತು. ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರು ಸೀರಿಯಸ್ಸಾಗಿ ತಗೊಳ್ಳುತ್ತಾರೆ, ಹೇಳಿ? ಸೀಸನ್ನಿನಲ್ಲಿ ಬಸ್ ಸ್ಟ್ಯಾಂಡಿನ ನಾಯಿಯೂ ಸೀನುವ ಊರು. "ಘಾಟರೀ" ಎಂದರು ಗಂಡ ಚನ್ನಬಸಪ್ಪನವರು. ಕಷಾಯವಾಯಿತು, ಸಿರಪ್ ಆಯಿತು. ಹಾವೇರಿಯಲ್ಲಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಇಳಿದಿತ್ತು. (ಜನ್ಮದಲ್ಲಿ ಒಂದು ಬೀಡಿ ಸೇದಿದವಳಲ್ಲ.)

ದೊಡ್ಡ ಆಸ್ಪತ್ರೆಯ ಡಾಕ್ಟರು ಒಂದು ದಾರಿ ತೋರಿಸಿದರು. ಗಿರಿಜಾಳನ್ನು ಹೊರಗೆ ಕೂರಿಸಿ ಮನೆಯವರು ಒಳಗೆ ಹೋದಾಗ ನಾನೂ ಜೊತೆಗಿದ್ದೆ. ಟ್ರಯಲ್ ಅಂತೆ. ಒಂದರ ಬದಲು ಎರಡು ಔಷಧ ಕೂಡಿಸಿ ಕೊಟ್ಟರೆ ರೋಗವನ್ನು ಹೆಚ್ಚು ಕಾಲ ತಡೆಯಬಹುದೇ ಎಂದು ನೋಡುವುದು. ಯಾರಿಗೆ ಜೋಡಿ, ಯಾರಿಗೆ ಒಂಟಿ ಎಂದು ಕಂಪ್ಯೂಟರ್ ಆರಿಸುತ್ತದೆ. ಗ್ಯಾರಂಟಿ ಇಲ್ಲ. ಆದರೆ ಒಂದು ಕಂಡೀಷನ್. ರೋಗದ ಹೆಸರು, ಅದು ಎಲ್ಲಿಗೆ ಬಂದಿದೆ, ಎಲ್ಲವನ್ನೂ ಪೇಷೆಂಟಿಗೇ ಹೇಳಬೇಕು. ಅವಳೇ ಹೂಂ ಎನ್ನಬೇಕು.

"ಆಕಿಗೆ ಹೇಳೂದಾ? ಆಗಂಗಿಲ್ಲರಿ" ಎಂದರು ಚನ್ನಬಸಪ್ಪ. ನಾನು ಜಗಳಕ್ಕೇ ನಿಂತೆ. ಅವರು ಬಗ್ಗಲಿಲ್ಲ. "ಅಕ್ಕಾರ, ಹೆಸರು ಕೇಳೇ ಸತ್ತು ಹೊಕ್ಕಾಳ ಆಕಿ. ನೀವು ಬಾಯಿ ಬಿಟ್ರ ಮತ್ತ ನಮ್ಮನಿ ಹೊಸ್ತಲಾ ತುಳೀಬ್ಯಾಡ್ರಿ."

ಮನೆಯವರೆಲ್ಲ ಹೌದೆಂದು ತಲೆಯಾಡಿಸಿದರು. ನಮ್ಮ ಕಡೆ ಇದಕ್ಕೆ ಪ್ರೀತಿ ಎನ್ನುತ್ತಾರೆ. ರೊಟ್ಟಿಗೆ ಯಾವ ಪಲ್ಯ ಎಂದು ಅವಳನ್ನು ಕೇಳದೆ ಒಲೆ ಹೊತ್ತಿಸದ ಮನೆ, ಅವಳ ಉಸಿರಿನ ಪ್ರಶ್ನೆಯನ್ನು ಅವಳ ಬೆನ್ನ ಹಿಂದೆ ಮುಗಿಸಿಬಿಟ್ಟಿತು! ಮಾಮೂಲಿ ಔಷಧವನ್ನೇ ಅಲರ್ಜಿ ಇಂಜೆಕ್ಷನ್ ಎಂದು ಕೊಡಿಸಿದರು.

ಕಡೆಯ ಸಲ ಅವಳನ್ನು ನೋಡಿದ್ದು ಹೋದ ತಿಂಗಳು. ಬೆನ್ನಿಗೆ ದಿಂಬು ಒತ್ತಿ ಕೂರಿಸಿದ್ದರು. ನಾವಿಬ್ಬರೇ.

"ಎರಡು ಔಷಧ ಕೂಡಿಸಿ ಕೊಡತಿದ್ರಂತ. ಇವರು ಬ್ಯಾಡ ಅಂದ್ರಲ್ಲ?"

ನಾನು ಬಾಗಿಲ ಕಡೆ ನೋಡಿದೆ. "ನಿನಗ್ಯಾರು ಹೇಳಿದ್ರು?"

"ಬಾಗಲಾ ಬಾಜೂ ಕುಂದ್ರಿಸಿ ಒಳಗ ಮಾತಾಡಿದ್ರಿ. ನನ್ನ ಹಳೇ ಜಾಗಾ. ರೋಗ ಬಂದದ್ದು ಎದಿಗೆ ಬೇ, ಕಿವಿಗಲ್ಲ."

"ಮತ್ತ ಆವತ್ತ ಬಾಯಿ ಬಿಡಬೇಕಿಲ್ಲೇನ, ಹುಚ್ಚಿ!"

"ನನಗ ಗೊತ್ತೈತಿ ಅಂದ್ರ ಇವರು ಅಲ್ಲೇ ಕುಸದು ಬೀಳತಿದ್ರು. ಯಾರರ ಬಂದು ಕೇಳತೀರೇನು ಅಂತ ಕಾದೆ. ಹೂಂ ಅನ್ನಾಕ ತಯಾರಾಗೇ ಕುಂತಿದ್ದೆ. ಯಾರೂ ಕೇಳಲಿಲ್ಲ."

"ಈಗರ ಹೋಗೂಣ?"

"ನಡದಾಡೋರನ್ನಷ್ಟ ತಗೋತಾರಂತ. ಅದನ್ನೂ ಆವತ್ತ ಕೇಳೀನಿ."

ಹೊರಗೆ ಚಪ್ಪಲಿಯ ಸದ್ದಾಯಿತು. ಗಿರಿಜಾ ನನ್ನ ಕೈ ಒತ್ತಿ ಕೆಮ್ಮಿದಳು. ಖ್ಹೊ, ಖ್ಹೊ. ಎರಡೇ ಸಲ. ಮುಖದ ಮೇಲೆ ಮೇರಿಮಾತೆಯ ಕಳೆ.

ಚನ್ನಬಸಪ್ಪ ಒಳಗೆ ಬಂದರು. "ಘಾಟು ಇನ್ನೂ ಇಳದಿಲ್ಲ ನೋಡ್ರಿ ಅಕ್ಕಾರ."

"ಹೌದರಿ" ಎಂದೆವು ಇಬ್ಬರೂ, ಒಂದೇ ದನಿಯಲ್ಲಿ.

ಕಾನ್ವೆಂಟ್ ಎಜುಕೇಶನ್ ವೇಸ್ಟ್ ಆಯಿತು ಎಂದು ಯಾರು ಹೇಳುತ್ತಾರೆ?